ಬೈಲಹೊಂಗಲದ ಹೆಸರು ಮತ್ತು ಉಳಿದ ಒಂದು ಸಾಲು

ರಾಮದುರ್ಗದಲ್ಲಿ ನಮ್ಮ ಝೆರಾಕ್ಸ್ ಅಂಗಡಿಗೆ ತಾಗಿಕೊಂಡು ಒಂದು ಸೈಕಲ್ ರಿಪೇರಿ ಅಂಗಡಿ ಇದೆ. ಅದರ ಮಾಲಕ ದಿನಾ ಬೆಳಿಗ್ಗೆ ತಗಡಿನ ಡಬ್ಬಿಯಲ್ಲಿ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಸುರುವಿ ಹಳೆಯ ಚೈನುಗಳನ್ನು ನೆನೆಹಾಕುತ್ತಾನೆ. ನಮ್ಮಲ್ಲಿಗೆ ಬಂದ ಗಿರಾಕಿಗಳು ಮೂಗಿಗೆ ಸೆರಗು ಹಿಡಿದು, ‘ಈ ನಾತದಾಗ ದಿನಾ ಹ್ಯಾಂಗ ಕುಂಡ್ರತೀರಿ ಅಕ್ಕಾರ?’ ಎನ್ನುತ್ತಾರೆ. ನನಗೇನೂ ಅದು ನಾತ ಅನ್ನಿಸುವುದಿಲ್ಲ. ಮದುವೆಗೆ ಮುಂಚೆ ಆರು ವರ್ಷ ನನ್ನ ಕೈ, ಓಢಣಿ, ಊಟದ ಡಬ್ಬಿ ಎಲ್ಲವೂ ಇದೇ ವಾಸನೆ ಹೊಡೆಯುತ್ತಿದ್ದವು. ಆಗ ನಾನು ಬೈಲಹೊಂಗಲದಲ್ಲಿ ಮಹಾದೇವಪ್ಪ ಕಾಕಾನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದೆ. ಅಚ್ಚಾದ ಮೇಲೆ ಮೊಳೆಗಳಿಗೆ ಹತ್ತಿದ ಮಸಿಯನ್ನು ಚಿಮಣಿ ಎಣ್ಣೆಯಲ್ಲಿಯೇ ತೊಳೆಯಬೇಕು. ಈಗ ಆ ವಾಸನೆ ಬಂದಾಗೆಲ್ಲ ನನಗೆ ತೊಂಬತ್ತಾರರ ಮಳೆಗಾಲ ನೆನಪಾಗುತ್ತದೆ. ಊರಿನ ಹೆಸರಿನ ಸಲುವಾಗಿ ದೊಡ್ಡ ಮಂದಿ ಸಣ್ಣ ಹುಡುಗರ ಹಾಗೆ ಜಗಳಾಡಿದ ಮಳೆಗಾಲ ಅದು. ನಾನು ನನ್ನ ಮಾಸ್ತರಿಗೆ ಸುಳ್ಳು ಹೇಳಿದ ಮಳೆಗಾಲವೂ ಹೌದು.

ಮೊಳೆ ಜೋಡಿಸುವುದೆಂದರೆ ಏನೆಂದು ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ಒಂದೊಂದು ಅಕ್ಷರಕ್ಕೂ ಸೀಸದ ಒಂದೊಂದು ಮೊಳೆ. ಗುಣಿತಕ್ಕೆ ಬೇರೆ, ಒತ್ತಿಗೆ ಬೇರೆ. ಎಲ್ಲವೂ ಗೂಡುಗೂಡಾದ ಮರದ ಕೇಸಿನಲ್ಲಿ ಇರುತ್ತವೆ. ಎಡಗೈಯಲ್ಲಿ ಸ್ಟಿಕ್ಕು ಎಂಬ ಕಬ್ಬಿಣದ ಪಟ್ಟಿ ಹಿಡಿದು, ಬಲಗೈಯಿಂದ ಒಂದೊಂದೇ ಮೊಳೆ ಎತ್ತಿ ತಲೆಕೆಳಗಾಗಿ ಸಾಲು ಕಟ್ಟಬೇಕು. ಕಣ್ಣು ಬರೆದ ಕಾಗದದ ಮೇಲೆ, ಕೈ ಕೇಸಿನ ಮೇಲೆ. ಹೀಗೆ ಜೋಡಿಸುವಾಗ ಓದಿದ್ದು ತಲೆಗೆ ಹೋಗುವುದಿಲ್ಲ. ‘ಮ’ ಕಾಣುತ್ತದೆ, ‘ದು’ ಕಾಣುತ್ತದೆ, ‘ವೆ’ ಕಾಣುತ್ತದೆ, ಮದುವೆ ಕಾಣುವುದಿಲ್ಲ. ಸಂಗೊಳ್ಳಿಯ ನನ್ನ ಗೆಳತಿಯ ಲಗ್ನಪತ್ರಿಕೆಯನ್ನು ನಾನೇ ಜೋಡಿಸಿ, ಪ್ರೂಫು ತೆಗೆದ ಮೇಲೆ ‘ಅರೆ, ಇದು ಅವಳದು’ ಎಂದವಳು ನಾನು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ ಮುಂದೆ ಬೇಕಾಗುತ್ತದೆ.

ಆ ವರ್ಷ ನಾನು ಕಲಿತ ಶಾಲೆಗೆ ಐವತ್ತು ತುಂಬಿತ್ತು. ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಸಮಿತಿ ಮಾಡಿದರು. ಪಾತ್ರೆ ಮಾರುವ ಬಾಂಡೆ ಅಂಗಡಿಯ ಗುರುಶಿದ್ದಪ್ಪನವರು ಅದರ ಅಧ್ಯಕ್ಷರು. ಶ್ರಾವಣದಲ್ಲಿ ಸಮಾರಂಭ, ಅಂದೇ ಒಂದು ಸ್ಮರಣ ಸಂಚಿಕೆಯ ಬಿಡುಗಡೆ ಎಂದು ಠರಾವಾಯಿತು. ಸಂಚಿಕೆಯ ಮೊದಲ ಲೇಖನ ‘ನಮ್ಮ ಊರಿಗೆ ಈ ಹೆಸರು ಹೇಗೆ ಬಂತು’. ಬರೆಯುವವರು ನಮಗೆಲ್ಲ ಕನ್ನಡ ಕಲಿಸಿ ನಿವೃತ್ತರಾಗಿದ್ದ ಈರಪ್ಪ ಮಾಸ್ತರು. ಅದೇ ಸಮಾರಂಭದಲ್ಲಿ ಅವರಿಗೆ ಸನ್ಮಾನ. ಆಮಂತ್ರಣ ಪತ್ರಿಕೆಯನ್ನು ನಾನೇ ಜೋಡಿಸಿದ್ದು. ‘ಊರಿನ ಹೆಸರಿನ ಮೂಲವನ್ನು ನಾಡಿಗೆ ತಿಳಿಸಿಕೊಟ್ಟ ಗುರುಗಳಿಗೆ ಸನ್ಮಾನ’ ಎಂದು ಅದರಲ್ಲಿತ್ತು.

ಆ ಮೂಲ ಊರಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಹಿಂದೆ ಇಲ್ಲಿ ಊರಿರಲಿಲ್ಲ, ಬರೀ ಎರೆಮಣ್ಣಿನ ಬಯಲು. ಬಯಲ ನಡುವೆ ಒಂದು ಹೊಂಗೆ ಮರ, ಮರದ ಕೆಳಗೆ ಒಬ್ಬ ಮುದುಕಿ. ಕಿತ್ತೂರಿನ ಕಡೆಯಿಂದ ಸವದತ್ತಿಯ ಕಡೆಗೆ ಗಾಡಿ ಹೊಡೆದುಕೊಂಡು ಹೋಗುವವರು ದಾರಿ ತಪ್ಪಬಾರದೆಂದು ಆಕೆ ದಿನಾ ಮುಸ್ಸಂಜೆ ಹೊಂಗೆ ಎಣ್ಣೆಯ ದೀಪ ಹಚ್ಚಿಡುತ್ತಿದ್ದಳು. ಬಯಲಿನ ಹೊಂಗೆಯ ಹತ್ತಿರ ಇಳಿಯೋಣ ಎನ್ನುತ್ತ ಎನ್ನುತ್ತ ಅಲ್ಲಿ ಊರಾಯಿತು, ಊರಿಗೆ ಹೆಸರೂ ಆಯಿತು. ಮುದುಕಿಯ ಹೆಸರು ಹೊಂಗೆವ್ವ. ಪೇಟೆ ಮುಗಿಯುವಲ್ಲಿ, ಹಳೆಯ ಬಾವಿಯ ಪಕ್ಕ ಇರುವ ಕರಿಕಲ್ಲೇ ಆಕೆ ದೀಪ ಇಡುತ್ತಿದ್ದ ಕಲ್ಲು ಎಂದು ಜನ ಅಮಾವಾಸ್ಯೆಗೊಮ್ಮೆ ಎಣ್ಣೆ ಹಾಕುತ್ತಿದ್ದರು. ಮನೆಯವರು ಯಾರಾದರೂ ದೂರದ ಊರಿಗೆ ಹೊರಟರೆ ಅಲ್ಲೊಂದು ದೀಪ ಹಚ್ಚುವುದು ರೂಢಿ. ನನ್ನ ಅಣ್ಣ ಮೊದಲ ಸಲ ಲಾರಿ ತೆಗೆದುಕೊಂಡು ಮುಂಬಯಿಗೆ ಹೋದಾಗ ನಮ್ಮ ಅಮ್ಮಿಯೂ ಹಚ್ಚಿದ್ದಳು. ಅಬ್ಬಾ ಗೊಣಗಿದ್ದಕ್ಕೆ, ಹೋಗುವವನು ನನ್ನ ಮಗ, ಎಣ್ಣೆಯೂ ನನ್ನದು ಎಂದು ಬಾಯಿ ಮುಚ್ಚಿಸಿದ್ದಳು.

ಸಂಚಿಕೆಯ ಸುದ್ದಿ ಹಬ್ಬಿದ್ದೇ ತಡ, ಇನ್ನಿಬ್ಬರು ಎದ್ದರು. ಒಬ್ಬರು ಗೋವಿಂದರಾಯರು, ಕಚೇರಿಯಲ್ಲಿ ಕಾರಕೂನರಾಗಿದ್ದವರು, ಮನೆಮಾತು ಮರಾಠಿ. ಬೈಲ ಎಂದರೆ ಎತ್ತು, ಇಲ್ಲಿ ಎತ್ತಿನ ಸಂತೆ ಕೂಡುತ್ತಿತ್ತು, ಹೆಸರು ಎತ್ತಿನಿಂದ ಬಂದದ್ದೇ ಹೊರತು ಮರದಿಂದಲ್ಲ ಎಂಬುದು ಅವರ ವಾದ. ಇನ್ನೊಬ್ಬರು ಮೋನಪ್ಪ ಪತ್ತಾರರು. ಅವರ ಹಿರಿಯರು ಸಿರಸಂಗಿಯಿಂದ ಬಂದು ಇಲ್ಲಿ ಬಂಗಾರದ ಕೆಲಸ ಹಿಡಿದವರು. ಹೊನ್ನು ತಿಕ್ಕಿ ನೋಡುವ ಕಲ್ಲು ಇಲ್ಲಿ ಸಿಗುತ್ತಿತ್ತು, ಆ ಹೊನ್ನಗಲ್ಲಿನಿಂದ ಊರಿಗೆ ಹೆಸರು ಬಂತು ಎಂದು ಅವರು ಹೇಳುತ್ತಿದ್ದರು. ಎಲ್ಲಿ ಆ ಕಲ್ಲು ಎಂದು ಕೇಳಿದರೆ ಬಾವಿಯ ಪಕ್ಕದ ಅದೇ ಕರಿಕಲ್ಲು ತೋರಿಸುವರು. ‘ಎಣ್ಣಿ ಹಾಕಿ ಹಾಕಿ ಮಂದಿ ಅದರ ಗುಣಾನ ಕೆಡಿಸಿಬಿಟ್ಟಾರ’ ಎಂದು ಅವರ ಸಿಟ್ಟು. ಸಮಿತಿಯವರು ಯಾರ ಮನಸ್ಸನ್ನೂ ನೋಯಿಸಬಾರದೆಂದು ಮಾಸ್ತರ ಲೇಖನದ ಹಿಂದೆ ಇಬ್ಬರದೂ ಒಂದೊಂದು ಹಾಕುವುದೆಂದು ಒಪ್ಪಿಕೊಂಡರು.

ಅಲ್ಲಿಂದ ಇಬ್ಬರೂ ದಿನಾ ಪ್ರೆಸ್ಸಿಗೆ ಹಾಜರು. ಒಬ್ಬರು ಬೆಳಿಗ್ಗೆ, ಒಬ್ಬರು ಮಧ್ಯಾಹ್ನ, ಎದುರಾಬದುರು ಆಗುತ್ತಿರಲಿಲ್ಲ.

‘ರಜಿಯಾ, ಪತ್ತಾರಂದು ಎಷ್ಟ ಸಾಲ ಆತು?’ ಎಂದು ಗೋವಿಂದರಾಯರು ಕೇಳುವರು.

‘ನಲವತ್ತೆರಡರಿ.’

‘ನಂದು?’

‘ಮೂವತ್ತೆಂಟು.’

‘ಹಂಗಾರ ಇನ್ನೊಂದ ಪ್ಯಾರಾ ಬರಕೊಂಡ ಬರತೇನಿ, ತಡಿ.’

ಮೂರನೆಯ ದಿನಕ್ಕೆ ನಮ್ಮ ಕೇಸಿನಲ್ಲಿ ‘ಹೊ’ ಖಾಲಿಯಾಯಿತು. ಲಗ್ನಪತ್ರಿಕೆ, ರಸೀದಿ ಪುಸ್ತಕ ಮಾಡುವ ಪ್ರೆಸ್ಸಿನಲ್ಲಿ ಆ ಅಕ್ಷರ ಎಷ್ಟಿದ್ದೀತು? ಇವರೆಲ್ಲ ಸಾಲಿಗೊಮ್ಮೆ ಊರಿನ ಹೆಸರು ಬರೆದಿದ್ದರು. ಇಲ್ಲದ ಮೊಳೆಯ ಜಾಗದಲ್ಲಿ ಬೇರೆ ಯಾವುದೋ ಮೊಳೆಯನ್ನು ಬುಡಮೇಲು ಮಾಡಿ ನಿಲ್ಲಿಸುವುದು ನಮ್ಮ ಪದ್ಧತಿ. ಪ್ರೂಫಿನಲ್ಲಿ ಅಲ್ಲೊಂದು ಕರೀ ಚೌಕ ಬೀಳುತ್ತದೆ. ಬೇರೆ ಪುಟ ಅಚ್ಚಾಗಿ ಅದರ ಮೊಳೆ ಬಿಚ್ಚಿದ ಮೇಲೆ ಇದನ್ನು ತುಂಬಿಸುತ್ತೇವೆ. ಹೀಗಾಗಿ ಆ ತಿಂಗಳು ತೆಗೆದ ಪ್ರೂಫುಗಳಲ್ಲೆಲ್ಲ ಊರಿನ ಹೆಸರಿನ ನಡುವೆ ಒಂದು ಕರೀ ಚೌಕ. ಗೋವಿಂದರಾಯರು ಕನ್ನಡಕ ಏರಿಸಿ, ‘ಮಹಾದೇವಪ್ಪ, ಇದೇನಪಾ ಊರ ಹೆಸರಿಗೆ ತೂತು ಬಿದ್ದೈತಿ?’ ಎಂದರು. ‘ಅದರ ಸಲುವಾಗೇ ಜಗಳ ನಡದೈತಲ್ರಿ ರಾಯರ. ನೀವೆಲ್ಲಾ ಮುಗಸೂ ತನಕ ಖಾಲಿ ಇರ್ಲಿ’ ಎಂದರು ಕಾಕಾ.

ಈರಪ್ಪ ಮಾಸ್ತರು ಬಂದದ್ದು ಕಾರಹುಣ್ಣಿಮೆ ಆದ ಮೇಲೆ. ಆ ಸಲ ಮಳೆ ಹಿಡಿಯಿತೆಂದರೆ ಬಿಡುವ ಮಾತೇ ಇರಲಿಲ್ಲ. ಪೇಟೆಯ ರಸ್ತೆಯೆಲ್ಲ ಎರೆಯ ರಾಡಿ, ಚಪ್ಪಲಿ ಒಂದು ಕಡೆ ಕಾಲು ಒಂದು ಕಡೆ. ಪ್ರೆಸ್ಸಿನಲ್ಲಿ ಕಾಗದ ಮೆತ್ತಗಾಗಿ, ಮಸಿ ಒಣಗದೆ, ಅಚ್ಚಾದ ಹಾಳೆಗಳನ್ನು ಒಗೆದ ಬಟ್ಟೆಯ ಹಾಗೆ ಹಗ್ಗದ ಮೇಲೆ ನೇತುಹಾಕಿದ್ದೆವು. ಮಾಸ್ತರು ಕೊಡೆ ಮಡಚಿ ಮೂಲೆಗೆ ಇಟ್ಟು, ಅಂಗಿಯ ಒಳಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆರು ಹಾಳೆ ತೆಗೆದರು.

‘ರಜಿಯಾ, ಇದನ್ನ ನೀನ ಜೋಡಸಬೇಕು. ಒಂದ ಅಕ್ಷರ ಬಿಡಬಾರದು, ಒಂದ ಅಕ್ಷರ ಸೇರಸಬಾರದು. ಪ್ರೂಫ್ ನನಗ ತೋರಸು.’

‘ಆತ್ರಿ ಸರ್.’

ಅವರ ಮಾತನ್ನು ನಾನು ತೆಗೆದುಹಾಕುವ ಹಾಗಿರಲಿಲ್ಲ. ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಈ ಪ್ರೆಸ್ಸಿಗೆ ಕರೆತಂದವರೇ ಅವರು. ‘ಈ ಹುಡಿಗಿ ಒತ್ತಕ್ಷರ ತಪ್ಪೂದಿಲ್ಲ’ ಎಂದು ಕಾಕಾನಿಗೆ ಹೇಳಿದ್ದರಂತೆ. ಅಬ್ಬಾನನ್ನು ಒಪ್ಪಿಸಿದವರೂ ಅವರೇ.

ಅವತ್ತು ಅವರು ಹೋಗಲಿಲ್ಲ. ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕುಳಿತು, ನಾನು ಜೋಡಿಸುವುದನ್ನು ನೋಡುತ್ತಿದ್ದರು. ಎರಡನೆಯ ಹಾಳೆ ಮುಗಿದಾಗ, ‘ಏನರ ಅನಸ್ತೇನು?’ ಎಂದರು.

‘ಏನರಿ ಸರ್?’

‘ಓದಿದ್ದರ ಬಗ್ಗೆ.’

‘ಜೋಡಸಾಕ ಹತ್ತೇನ್ರಿ, ಓದಾಕ ಎಲ್ಲಿ ಹೊತ್ತೈತಿ?’ ಎಂದೆ ನಾನು. ಅವರು ನಕ್ಕು ಕೊಡೆ ತೆಗೆದುಕೊಂಡು ಹೋದರು. ನಾನು ಎಲ್ಲೋ ಒಂದು ಕಡೆ ಬೆಚ್ಚಿ ತಲೆ ಎತ್ತುತ್ತೇನೆಂದು ಅವರು ಕಾಯುತ್ತಿದ್ದರೆಂದು ನನಗೆ ಆಮೇಲೆ ಹೊಳೆಯಿತು.

ಪ್ರೂಫು ತೆಗೆದದ್ದು ನಾನು. ಮಸಿ ಆರುವ ಮುಂಚೆಯೇ ಕಾಕಾ ಅದನ್ನು ಅಧ್ಯಕ್ಷರಿಗೆ ಕಳಿಸಿದರು. ಕೆಲಸ ಕೊಟ್ಟವರು ಮೊದಲು ನೋಡಬೇಕು, ಬರೆದವರು ಆಮೇಲೆ. ಒಂದು ತಾಸಿನಲ್ಲಿ ಗುರುಶಿದ್ದಪ್ಪನವರು ಕೊಡೆ ಕೂಡ ಇಲ್ಲದೆ ತೊಯ್ದುಕೊಂಡು ಬಂದರು. ಪ್ರೂಫನ್ನು ಮಾತ್ರ ಅಂಗಿಯ ಒಳಗೆ ತೊಯ್ಯದಂತೆ ಇಟ್ಟುಕೊಂಡಿದ್ದರು.

‘ಮಾದೇವಪ್ಪ, ಇದನ್ನ ಓದೀದೇನು?’

‘ಇಲ್ಲಪಾ. ಏನಾತು?’

‘ಹೊಂಗೆವ್ವನ ಕಥಿ ಸುಳ್ಳಂತ. ತಾವ ಕಟ್ಟಿದ್ದಂತ. ಸನ್ಮಾನ ಮಾಡೂ ದಿನಾನ ಇದನ್ನ ಮಂದಿ ಕೈಯಾಗ ಕೊಡೂದೇನು? ಮಾಸ್ತರು ತಮ್ಮ ಕೈಯಾರೆ ತಮ್ಮ ಮಾನ ಕಳಕೊಳ್ಳಾಕ ಹೊಂಟಾರ.’

ಗುರುಶಿದ್ದಪ್ಪನವರು ಕೆಟ್ಟವರಲ್ಲ. ಇದನ್ನು ಹೇಳದೆ ಹೋದರೆ ನನ್ನ ತಪ್ಪಾಗುತ್ತದೆ. ಸ್ಟೂಲಿನ ಮೇಲೆ ಕುಳಿತು ಅವರು ತಲೆ ಒರೆಸಿಕೊಂಡರು. ಆಮೇಲೆ ದನಿ ಇಳಿಸಿ, ‘ನಮ್ಮವ್ವ ಸಾಯೂ ತನಕ ಆ ಕಲ್ಲಿಗೆ ಎಣ್ಣಿ ಹಾಕಿದಾಕಿ. ನಾ ಹುಬ್ಬಳ್ಳಿಗೆ ಮಾಲ ತರಾಕ ಹೋದಾಗೆಲ್ಲಾ ಹಾಕ್ಯಾಳ. ಇದನ್ನ ಓದಿ ನಾ ಏನ ಅನಕೋಬೇಕು?’ ಎಂದರು. ಜೊತೆಗೆ ತಂದಿದ್ದ ಶಾಲೆಯ ಹಳೆಯ ಮ್ಯಾಗಜೀನು ತೆಗೆದರು. ಅದರಲ್ಲಿ ಮಾಸ್ತರು ಎಷ್ಟೋ ವರ್ಷದ ಹಿಂದೆ ಬರೆದಿದ್ದ ಹೊಂಗೆವ್ವನ ಲೇಖನವಿತ್ತು. ‘ಇದನ್ನ ಹಾಕ್ರಿ. ಅದನ್ನ ಬಿಚ್ಚಿಬಿಡ್ರಿ. ಮಾಸ್ತರಿಗೆ ಈಗ ಹೇಳಬ್ಯಾಡ್ರಿ, ಪುಸ್ತಕ ಬಂದ ಮ್ಯಾಲ ನಾ ಕೈಕಾಲು ಹಿಡದು ಸಮಾಧಾನ ಮಾಡತೇನಿ.’

ಅವರು ಹೋದ ಮೇಲೆ ಕಾಕಾ ನನ್ನ ಕಡೆ ನೋಡಿದರು.

‘ಸರ್‌ಗೆ ಒಂದ ಮಾತ ಕೇಳಬೇಕಿತ್ತಲ್ರಿ ಕಾಕಾ’ ಎಂದೆ.

‘ಕೇಳಿದ್ರ ಅವರು ಹ್ಞೂಂ ಅಂತಾರೇನು? ಕೆಲಸ ಸಮಿತೀದು, ನಮ್ಮದಲ್ಲ. ಬಿಚ್ಚು.’

ಬಿಚ್ಚುವುದು ಜೋಡಿಸಿದ ಹಾಗಲ್ಲ. ಸಾಲನ್ನು ಕೈಗೆತ್ತಿಕೊಂಡು, ಒಂದೊಂದು ಪದ ಓದಿಕೊಂಡು, ಅದರ ಮೊಳೆಗಳನ್ನು ಆಯಾ ಗೂಡಿಗೆ ಬೀಳಿಸಬೇಕು. ಓದದೆ ಬಿಚ್ಚಲು ಬರುವುದಿಲ್ಲ. ಜೋಡಿಸುವಾಗ ನನ್ನ ಕೈ ದಾಟಿ ಹೋಗಿದ್ದ ಮಾಸ್ತರ ಮಾತು ಬಿಚ್ಚುವಾಗ ನನಗೆ ತಿಳಿಯಿತು.

ಅವರು ಬರೆದದ್ದು ಇಷ್ಟು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರ ವರ್ಗಕ್ಕೆ ಇನ್‌ಸ್ಪೆಕ್ಟರ್ ಸಾಹೇಬರು ಬಂದಿದ್ದರು. ನಿಮ್ಮ ಊರಿಗೆ ಈ ಹೆಸರು ಹೇಗೆ ಬಂತು ಎಂದು ಮಕ್ಕಳನ್ನು ಕೇಳಿದರು. ಯಾರೂ ಹೇಳಲಿಲ್ಲ. ಸಾಹೇಬರು ಮಾಸ್ತರ ಕಡೆ ತಿರುಗಿದರು. ಮಾಸ್ತರಿಗೂ ಗೊತ್ತಿರಲಿಲ್ಲ. ನಲವತ್ತು ಮಕ್ಕಳ ಮುಂದೆ ಹಾಗೆ ಹೇಳಲು ನಾಲಿಗೆ ಏಳಲಿಲ್ಲ. ಕಿಟಕಿಯ ಆಚೆ ಆಟದ ಬಯಲು ಕಂಡಿತು, ಬಯಲಿನ ಅಂಚಿಗೆ ಒಂದು ಹೊಂಗೆ ಮರ ಕಂಡಿತು. ಬಾಯಿಗೆ ಬಂದದ್ದು ಹೇಳಿದರು. ಮುದುಕಿ, ದೀಪ, ಗಾಡಿ ಎಲ್ಲ ಅವತ್ತೇ ಹುಟ್ಟಿದವು. ಸಾಹೇಬರು ಖುಷಿಯಾಗಿ ಭೇಟಿಯ ಪುಸ್ತಕದಲ್ಲಿ ಹೊಗಳಿ ಬರೆದರು. ಮರುವರ್ಷದ ಮಕ್ಕಳು, ‘ಸರ್, ದೀಪದ ಮುದುಕಿ ಕಥಿ ಹೇಳ್ರಿ’ ಎಂದರು. ಇಲ್ಲ ಎನ್ನಲಾಗಲಿಲ್ಲ. ಹತ್ತು ವರ್ಷದ ಮೇಲೆ ಒಂದು ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಹೆಂಗಸು ಅದೇ ಕಥೆಯನ್ನು ತನ್ನ ಅಜ್ಜಿ ಹೇಳಿದ್ದೆಂದು ಅವರಿಗೇ ಹೇಳಿದಳು. ಮುದುಕಿಯ ಹೆಸರು ಹೊಂಗೆವ್ವ ಎಂದು ಅವರಿಗೆ ತಿಳಿದದ್ದು ಆಗಲೇ. ಕಲ್ಲು ಯಾವಾಗ ಬಂತು, ಎಣ್ಣೆ ಹಾಕಲು ಮೊದಲು ಮಾಡಿದವರು ಯಾರು, ಅವರಿಗೆ ಗೊತ್ತಿಲ್ಲ. ಆ ಸಂತೆಯ ದಿನ ಹೆದರಿಕೆಯಾಯಿತು ಎಂದು ಬರೆದಿದ್ದರು. ಈಗ ಅದಕ್ಕೆಂದೇ ಸನ್ಮಾನ ಎಂದಾಗ ಇನ್ನು ಸುಮ್ಮನಿರಲಾಗದು ಎಂದೂ ಬರೆದಿದ್ದರು. ಕೊನೆಯ ಸಾಲು ಹೀಗಿತ್ತು: ‘ಈ ಊರಿಗೆ ಈ ಹೆಸರು ಹೇಗೆ ಬಂತೆಂಬುದು ನಿಜವಾಗಿ ನನಗೆ ಗೊತ್ತಿಲ್ಲ.’

ಉಳಿದದ್ದನ್ನೆಲ್ಲ ಬಿಚ್ಚಿ ಕೇಸಿಗೆ ಹಾಕಿದೆ. ಕೊನೆಯ ಸಾಲಿಗೆ ಮಾತ್ರ ಕೈ ಬರಲಿಲ್ಲ. ಅದಕ್ಕೆ ದಾರ ಸುತ್ತಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಏನು ಮಾಡಬೇಕೆಂದು ಆಗ ಏನೂ ಹೊಳೆದಿರಲಿಲ್ಲ.

ಮಾಸ್ತರು ಮೂರು ದಿನ ಬಿಟ್ಟು ಪ್ರೂಫು ಕೇಳಲು ಬಂದರು. ‘ಮೊಳಿ ಕಡಿಮಿ ಬಿದ್ದಾವರಿ ಸರ್’ ಎಂದೆ. ಅದು ಅರ್ಧ ನಿಜ. ಮತ್ತೆ ಬಂದರು. ‘ಮಳಿಗೆ ಕಾಗದ ತಂಪು ಹಿಡದಾವರಿ’ ಎಂದೆ. ಅದೂ ನಿಜ. ಮೂರನೆಯ ಸಲ ಬಂದಾಗ ಅವರು ಕುಳಿತುಕೊಳ್ಳಲಿಲ್ಲ. ಬಾಗಿಲಲ್ಲೇ ನಿಂತು, ‘ರಜಿಯಾ, ನಂದು ಅಚ್ಚಾಗತೈತೋ ಇಲ್ಲೋ? ಇದ್ದದ್ದ ಹೇಳು’ ಎಂದರು.

ಕಾಕಾ ಒಳಗೆ ಮಸಿ ಕಲಸುತ್ತಿದ್ದರು, ತಲೆ ಎತ್ತಲಿಲ್ಲ.

‘ನನಗ ಗೊತ್ತಿಲ್ರಿ ಸರ್’ ಎಂದೆ ನಾನು.

ಅವರು ನನ್ನ ಮುಖ ನೋಡಿದರು. ಒತ್ತಕ್ಷರ ತಪ್ಪಿದಾಗ ವರ್ಗದಲ್ಲಿ ಹೀಗೇ ನೋಡುತ್ತಿದ್ದರು. ಬೈಯಲಿಲ್ಲ, ಕೊಡೆ ಬಿಚ್ಚಿ ರಾಡಿಯಲ್ಲಿ ನಿಧಾನ ನಡೆದು ಹೋದರು. ಆ ದಿನ ನನಗೆ ಊಟ ಸೇರಲಿಲ್ಲ. ಅಮ್ಮಿ ಹಣೆ ಮುಟ್ಟಿ ಜ್ವರ ನೋಡಿದಳು.

ಹಳೆಯ ಲೇಖನವನ್ನು ನಾನೇ ಜೋಡಿಸಬೇಕಾಯಿತು. ಅದು ಹೊಸದಕ್ಕಿಂತ ಚಿಕ್ಕದು. ಪುಟದ ಲೆಕ್ಕ ಮೊದಲೇ ಆಗಿತ್ತು, ಅದರ ಮುಂದಿನ ಪುಟಗಳೆಲ್ಲ ಅಚ್ಚಾಗಿ ಹಗ್ಗದ ಮೇಲೆ ಒಣಗುತ್ತಿದ್ದವು. ಹೀಗಾಗಿ ಪುಟದ ಕೆಳಗೆ ಎರಡು ಬೆರಳಿನಷ್ಟು ಜಾಗ ಉಳಿಯಿತು. ಇಂಥ ಕಡೆ ಒಂದು ಹೂವಿನ ಬ್ಲಾಕು ಹಾಕುವುದು ವಾಡಿಕೆ. ಬ್ಲಾಕು ಕೈಯಲ್ಲೇ ಇತ್ತು. ಅದನ್ನು ವಾಪಸು ಡಬ್ಬಿಗೆ ಹಾಕಿ, ಕಿಟಕಿಯ ಕಟ್ಟೆಯ ಮೇಲಿದ್ದ ಸಾಲು ತಂದು, ದಾರ ಬಿಚ್ಚಿ, ಆ ಜಾಗದಲ್ಲಿ ಕೂಡಿಸಿದೆ. ಹೊಂಗೆವ್ವನ ಕಥೆಯ ಕೆಳಗೆ, ಮಾಸ್ತರ ಹೆಸರಿನ ಮೇಲೆ.

ಗುರುಶಿದ್ದಪ್ಪನವರು ಅತಿಥಿಗಳನ್ನು ಕರೆಯಲು ಸವದತ್ತಿಗೆ ಹೋಗಿದ್ದರು. ಕೊನೆಯ ಪ್ರೂಫು ನೋಡಿದವರು ಕಾಕಾ ಒಬ್ಬರೇ. ಅವರು ಆ ಪುಟದ ಮೇಲೆ ಬಹಳ ಹೊತ್ತು ನಿಂತರು.

‘ಹೂವಿನ ಬ್ಲಾಕ್ ಎಲ್ಲಿ?’

‘ಸವದೈತ್ರಿ ಕಾಕಾ.’

ಅದು ಹೋದ ವರ್ಷ ತಂದ ಹೊಸ ಬ್ಲಾಕು. ಅವರಿಗೂ ಗೊತ್ತು, ನನಗೂ ಗೊತ್ತು. ಕನ್ನಡಕ ತೆಗೆದು ಒರೆಸಿಕೊಂಡು, ‘ಮಸಿ ಸ್ವಲ್ಪ ಕಡಿಮಿ ಹಚ್ಚು, ಹಸಿ ಹವಾ ಐತಿ’ ಎಂದು ಹೇಳಿ ಚಹಾ ಕುಡಿಯಲು ಹೋದರು. ನಾನು ಅಚ್ಚಿನ ಯಂತ್ರದ ಟ್ರೆಡಲ್ ತುಳಿಯಲು ಮೊದಲು ಮಾಡಿದೆ.

ಸಮಾರಂಭದ ದಿನ ಮಳೆ ಹೊರಪಾಗಿ ಬಿಸಿಲು ಬಿದ್ದಿತ್ತು. ಶಾಲೆಯ ದೊಡ್ಡ ಕೋಣೆಯಲ್ಲಿ ಹೆಂಗಸರ ಕಡೆ ಕೊನೆಯ ಸಾಲಿನಲ್ಲಿ ನಾನು ಕುಳಿತಿದ್ದೆ. ಮಾಸ್ತರಿಗೆ ಶಾಲು ಹೊದಿಸಿದರು, ಪೇಟ ಸುತ್ತಿದರು, ಕೈಗೆ ಸಂಚಿಕೆ ಕೊಟ್ಟರು. ಅವರು ಅಲ್ಲೇ ಮೊದಲ ಪುಟ ತೆಗೆದರು. ಓದುತ್ತ ಓದುತ್ತ ಮುಖ ಕಪ್ಪಿಟ್ಟಿತು. ಗುರುಶಿದ್ದಪ್ಪನವರು ಬೇರೆಲ್ಲೋ ನೋಡುತ್ತಿದ್ದರು. ಪುಟದ ಕೆಳಕ್ಕೆ ಬಂದಾಗ ಮಾಸ್ತರ ಬೆರಳು ನಿಂತಿತು. ಸಂಚಿಕೆ ಮುಚ್ಚಲಿಲ್ಲ, ಬೆರಳು ಅಲ್ಲೇ ಇಟ್ಟುಕೊಂಡು ಮೈಕಿನ ಹತ್ತಿರ ಬಂದರು.

‘ಈ ಪುಸ್ತಕದಾಗ ನನ್ನ ಹೆಸರಿಲೆ ಒಂದ ಲೇಖನ ಐತಿ. ಅದು ಹಳೇದು. ಕಡೀ ಸಾಲ ಒಂದ ಈ ಸಲ ಬರದದ್ದು. ಎಲ್ಲಾರೂ ಅದೊಂದ ಸಾಲ ಓದ್ರಿ. ಮ್ಯಾಲಿಂದೆಲ್ಲಾ ನಾ ಕಟ್ಟಿದ ಕಥಿ. ಸಾಹೇಬರು ಕೇಳಿದಾಗ ಗೊತ್ತಿಲ್ಲ ಅನಬೇಕಿತ್ತು, ಅನಲಿಲ್ಲ. ಅನ್ನಾಕ ಇಷ್ಟ ವರ್ಷ ಬೇಕಾತು. ನನ್ನ ಕಡೆ ಕಲತವರಿಗೆಲ್ಲಾ ಇದನ್ನ ಹೇಳೂದು ಬಾಕಿ ಇತ್ತು.’

ಮುಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ನನ್ನ ಪಕ್ಕದ ಹೆಂಗಸು, ‘ನೋಡ್ರಿ, ಇಷ್ಟ ತಿಳದವರಾದ್ರೂ ಎಷ್ಟ ಸಣ್ಣವರಾಗಿ ಮಾತಾಡ್ತಾರ’ ಎಂದಳು. ಗೋವಿಂದರಾಯರು ಎದ್ದು ನಿಂತು, ‘ನಾ ಮೊದಲ ಹೇಳಿದ್ನಲ್ಲ, ಎತ್ತು’ ಎಂದರು. ಪತ್ತಾರರು ಅವರ ಅಂಗಿ ಹಿಡಿದು ಕೂಡಿಸಿದರು. ಮಾಸ್ತರು ಹೇಳಿದ್ದನ್ನು ಹೇಳಿದ ಹಾಗೆ ಕೇಳಿಸಿಕೊಂಡವರು ಆ ಕೋಣೆಯಲ್ಲಿ ನಾಲ್ಕು ಮಂದಿ ಇದ್ದಿದ್ದರೆ ಹೆಚ್ಚು. ನನಗೆ ಸಿಟ್ಟು ಬಂತು. ಅಳುವೂ ಬಂತು.

ಮರುದಿನ ಅವರು ಪ್ರೆಸ್ಸಿಗೆ ಬಂದರು. ನಾನು ಆ ಪುಟದ ಮೊಳೆಗಳನ್ನು ಚಿಮಣಿ ಎಣ್ಣೆಯಲ್ಲಿ ತೊಳೆಯುತ್ತಿದ್ದೆ. ಸ್ಟೂಲು ಎಳೆದುಕೊಂಡು ಎದುರಿಗೇ ಕುಳಿತರು.

‘ನಂದು ಬಿಚ್ಚಿದ್ದು ನೀನ ಏನು?’

‘ಹೌದ್ರಿ.’

‘ಬಿಚ್ಚೂ ಮುಂದ ಓದಿದ್ಯೇನು?’

‘ಓದಿದೆನ್ರಿ. ಪೂರಾ.’

‘ಹಂಗಾರ ಒಬ್ಬರರ ಓದಿದ್ರು’ ಎಂದರು ಅವರು.

‘ನಿಮಗ ಸುಳ್ಳ ಹೇಳಿದೆ ಸರ್. ಗೊತ್ತಿದ್ದೂ ಗೊತ್ತಿಲ್ಲ ಅಂದೆ.’ ಕೈಯಲ್ಲಿ ಎಣ್ಣೆ ಇದ್ದದ್ದಕ್ಕೆ ಕಣ್ಣು ಒರೆಸಿಕೊಳ್ಳಲೂ ಬರುವಂತಿರಲಿಲ್ಲ.

‘ನಾ ಗೊತ್ತಿಲ್ಲದ್ದು ಗೊತ್ತೈತಿ ಅಂದೆ. ನಂದು ನಿನ್ನಕಿಂತ ದೊಡ್ಡದು. ಅಳಬ್ಯಾಡ. ಇನ್ನ ಮ್ಯಾಲ ಯಾರರ ಈ ಊರ ಹೆಸರಿನ ಸುದ್ದಿ ಕೇಳಿದ್ರ ಖರೇದು ಹೇಳು. ನನ್ನ ಸಲುವಾಗಿ ಅಷ್ಟ ಮಾಡು, ಸಾಕು.’

‘ಹೇಳತೇನ್ರಿ’ ಎಂದೆ.

ಹೇಳಲಿಲ್ಲ. ಎರಡು ವರ್ಷಕ್ಕೆ ಪ್ರೆಸ್ಸು ಮುಚ್ಚಿತು. ನನ್ನ ಮದುವೆಯಾಗಿ ರಾಮದುರ್ಗಕ್ಕೆ ಬಂದೆ. ಹೊಸದರಲ್ಲಿ ಅತ್ತೆ, ನಿಮ್ಮೂರು ಎಂಥದವಾ ಎಂದು ಕೇಳಿದಾಗ ಹೊಂಗೆವ್ವನ ಕಥೆ ಹೇಳಿಬಿಟ್ಟೆ. ಹೊಸ ಮನೆಯಲ್ಲಿ ತವರಿನ ಬಗ್ಗೆ ಹೇಳಿಕೊಳ್ಳಲು ಒಂದು ಚಂದದ ಮಾತು ಬೇಕಾಗಿತ್ತು. ಮಗಳು ನಸ್ರೀನ್ ಹುಟ್ಟಿದ ಮೇಲೆ ಅವಳನ್ನು ಮಲಗಿಸಲೂ ಅದೇ ಕಥೆ. ಮಾಸ್ತರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಂಗಳ ಮೇಲೆ. ಅವತ್ತೂ ನಸ್ರೀನ್ ಕೇಳಿದಾಗ ಕಥೆಯಲ್ಲಿ ಹೊಂಗೆವ್ವನ ದೀಪ ಹಚ್ಚಿಯೇ ಮಲಗಿಸಿದೆ. ನನ್ನ ಮೇಲೆ ನನಗೇ ನಾಚಿಕೆಯಾಗಿತ್ತು.

ಹೋದ ತಿಂಗಳು ಅಣ್ಣನ ಮನೆಗೆಂದು ಮಗಳನ್ನು ಕರೆದುಕೊಂಡು ಬೈಲಹೊಂಗಲಕ್ಕೆ ಹೋಗಿದ್ದೆ. ವಾಪಸು ಹೊರಡುವ ದಿನ ಸಂಜೆ, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಪೇಟೆಯ ತುದಿಯವರೆಗೆ ನಡೆದೆವು. ಬಾವಿಗೆ ಈಗ ಕಬ್ಬಿಣದ ಜಾಳಿಗೆ ಹಾಕಿದ್ದಾರೆ. ಕಲ್ಲು ಹಾಗೇ ಇದೆ, ಎಣ್ಣೆ ಕುಡಿದು ಇನ್ನೂ ಕರ್ರಗಾಗಿದೆ. ಒಬ್ಬ ಹೆಂಗಸು ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ದೀಪ ಹಚ್ಚಲು ನೋಡುತ್ತಿದ್ದಳು. ಗಾಳಿಗೆ ಕಡ್ಡಿ ಆರುತ್ತಿತ್ತು.

‘ಅಮ್ಮಿ, ಇದ ಏನು ಹೊಂಗೆವ್ವನ ಕಲ್ಲು?’ ಎಂದಳು ನಸ್ರೀನ್. ಒಂಬತ್ತು ವರ್ಷದವಳು, ಕೇಳಿದರೆ ಬಿಡುವುದಿಲ್ಲ. ‘ಖರೇನ ಇದ್ಲೇನು ಆಕಿ?’

ಬಾಯಿ ತುದಿಗೆ ಹ್ಞೂಂ ಬಂದಿತ್ತು. ನುಂಗಿದೆ.

‘ಇರಲಿಲ್ಲ. ಆಕೀನ ನಮ್ಮ ಈರಪ್ಪ ಸರ್ ಕಟ್ಟಿದ್ದು.’

‘ಮತ್ತ ನೀ ದಿನಾ ಹೇಳತಿದ್ದಿ?’

‘ತಪ್ಪ ಮಾಡಿದೆ.’

‘ಹಂಗಾರ ಊರಿಗೆ ಹೆಸರು ಹ್ಯಾಂಗ ಬಂತು?’

‘ನನಗ ಗೊತ್ತಿಲ್ಲ’ ಎಂದೆ. ಹನ್ನೆರಡು ವರ್ಷದ ಮೇಲೆ ಮಾಸ್ತರ ಆ ಸಾಲನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ದೀಪ ಹಚ್ಚುತ್ತಿದ್ದ ಹೆಂಗಸು ಎಲ್ಲ ಕೇಳಿಸಿಕೊಂಡಿದ್ದಳು. ಸಿಟ್ಟಾಗಲಿಲ್ಲ. ‘ಯಾರರ ಕಟ್ಟಿರ್ಲಿರಿ’ ಎಂದಳು. ‘ನನ್ನ ಮಗ ಟ್ರಕ್ ತಗೊಂಡು ನಿನ್ನೆ ಗುಜರಾತಕ್ಕ ಹೋಗ್ಯಾನ. ಸ್ವಲ್ಪ ಗಾಳಿಗೆ ಅಡ್ಡ ನಿಂದರ್ತೀರೇನು?’

ನಾನು ನಿಲ್ಲುವ ಮುಂಚೆ ನಸ್ರೀನ್ ಕುಳಿತು ದೀಪಕ್ಕೆ ತಾಗಿಸಿ ಎರಡೂ ಕೈ ಅಡ್ಡ ಹಿಡಿದಳು. ಹೊಂಗೆ ಎಣ್ಣೆ ಈಗ ಯಾರ ಮನೆಯಲ್ಲಿದೆ? ಅದು ಔಷಧದ ಸಣ್ಣ ಬಾಟಲಿಗೆ ಬತ್ತಿ ತೂರಿಸಿದ ಚಿಮಣಿ ಎಣ್ಣೆಯ ಬುಡ್ಡಿ, ಮೈಯೆಲ್ಲ ಎಣ್ಣೆ ಜಿನುಗಿತ್ತು. ಹೊತ್ತಿತು. ಹೆಂಗಸು ಕಲ್ಲಿಗೆ ಕೈ ಮುಗಿದು, ನಸ್ರೀನ್‌ಳ ಗಲ್ಲ ಸವರಿ, ನೆಟ್ಟಗೆ ಮನೆಗೆ ಹೋದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ನಸ್ರೀನ್ ತನ್ನ ಬೆರಳು ಮೂಸಿ ನೋಡಿ ಮುಖ ಸಿಂಡರಿಸಿದಳು. ‘ಅಮ್ಮಿ, ಕೈ ನಾತ ಹೊಡ್ಯಾಕ ಹತ್ಯಾವ’ ಎಂದಳು. ನಾನು ಆ ಕೈ ಎಳೆದುಕೊಂಡು ಮೂಸಿದೆ. ಮಾಸ್ತರು ಎದುರಿಗೆ ಕುಳಿತು ನೀನೇ ಬಿಚ್ಚಿದೆಯಾ ಎಂದು ಕೇಳಿದ ದಿನ ನನ್ನ ಕೈಗೂ ಇದೇ ವಾಸನೆ ಇತ್ತು.